ಮೂರನೇ ಟೇಕಿನ ಹೂಂ

"ಮೇಲಿನ ಗುಂಡಿ ಹಾಕಬೇಡ್ವೇ, ಅವನಿಗೆ ಕತ್ತು ಹಿಡಿದ ಹಾಗಾಗುತ್ತೆ," ಎಂದು ಗಂಡನ ಅಕ್ಕ ಕೈ ತಡೆದಳು.

ಗಾಯಕಿ ಆಗಲೇ ಅಂಗಿಯ ಗುಂಡಿಯನ್ನು ಅರ್ಧ ತೂರಿಸಿದ್ದಳು. ಹೆಣಕ್ಕೆಲ್ಲಿಯ ಕತ್ತು ಹಿಡಿಯುವುದು ಎಂದುಕೊಳ್ಳುತ್ತಲೇ ಬಿಚ್ಚಿದಳು. ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಾ ಕುಸಿದ ಅವಳ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದ ಮನುಷ್ಯ. ಊರಿನ ಅರ್ಧ ಜನರನ್ನು ಮೇಲೆ ಕೆಳಗೆ ಓಡಾಡಿಸಿದವನನ್ನು ಈಗ ನಾಲ್ವರು ಹೊತ್ತು ಮೆಟ್ಟಿಲಿಳಿಸಬೇಕು. ಅವನಿದ್ದ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ.

"ಒಳ್ಳೆ ಮನುಷ್ಯರು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ," ಎಂದಳು ಪಕ್ಕದ ಮನೆಯಾಕೆ.

"ಮಾತೆಲ್ಲಿತ್ತಮ್ಮಾ?" ಎಂದ ಅವನ ಜೊತೆ ಕೆಲಸಕ್ಕಿದ್ದ ಮೆಕ್ಯಾನಿಕ್. "ಹೂಂ ಅಂದ್ರೆ ಮುಗೀತು. ಸಂಬಳ ಜಾಸ್ತಿ ಮಾಡ್ತೀವಿ ಅಂದ್ರೂ ಹೂಂ, ಮಾಡಲ್ಲ ಹೋಗಯ್ಯಾ ಅಂದ್ರೂ ಹೂಂ."

ಒಬ್ಬಿಬ್ಬರು ನಕ್ಕರು. ಅಕ್ಕನೂ ನಕ್ಕು, ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಗಾಯಕಿಯ ತೋಳು ಹಿಡಿದು, "ಅವನ ದನಿ ನಿನ್ನ ಫೋನಲ್ಲಿ ಎಲ್ಲಾದ್ರೂ ಇದ್ಯೇನೇ? ಒಂದ್ಸಲ ಕೇಳ್ಬೇಕು ಅನ್ನಿಸ್ತಿದೆ," ಎಂದಳು.

ಗಾಯಕಿ ಹುಡುಕಿದಳು. ವಿಡಿಯೋಗಳೇನೋ ಬೇಕಾದಷ್ಟಿದ್ದವು. ಎಲ್ಲದರಲ್ಲೂ ಅವಳೇ ಹಾಡುತ್ತಿದ್ದಳು. ಫೋನ್ ಹಿಡಿದು ನಿಂತವನು ಅವನು. ಅವಳು ತಲೆಯೆತ್ತಿದಾಗ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ, ಅವಳ ಹಾಡುಗಳ ರೆಕಾರ್ಡಿಸ್ಟ್ ಕಂಡ.

"ಕೊನೇ ಹಾಡಿನ ಮೂರನೇ ಟೇಕ್ ಅಳಿಸಿದ್ರಾ?"

"ನೀವೇ ಅಳಿಸಿ ಅಂದಿದ್ರಲ್ಲ ಮೇಡಂ."

"ಅಳಿಸಿದ್ರಾ ಅಂತ ಕೇಳ್ದೆ."

"ಇಲ್ಲ," ಎಂದ ಅವನು, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ.

*

ಆ ಟೇಕು ಅವಳ ಮೊದಲ ಆಲ್ಬಂನದು. ಹಿಂದೆ ಕಂಪನಿಯಿಲ್ಲ, ಮುಂದೆ ಹೆಸರಿಲ್ಲ. ಹಗಲೆಲ್ಲ ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂತು 'ಎರಡನೇ ಮಹಡಿ, ಎಡಕ್ಕೆ' ಎನ್ನುತ್ತಿದ್ದ ಗಂಟಲನ್ನೇ ಸಂಜೆ ರೆಕಾರ್ಡಿಸ್ಟನ ಕಾರ್ ಶೆಡ್ಡಿಗೆ ಒಯ್ಯುತ್ತಿದ್ದಳು. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಹಳೆಯ ಹಾಸಿಗೆ ಬಡಿದಿದ್ದರು.

"ಸೋಲ್ ಸಂಗೀತವಂತೆ!" ಎಂದು ಅಕ್ಕ ಕಾಲೆಳೆದಿದ್ದಳು. "ಇಷ್ಟು ವರ್ಷ ಸೋತಿದ್ದು ಸಾಲ್ದೇನೇ? ಒಂದಾದ್ರೂ ಗೆಲ್ಲೋ ಹಾಡು ಹಾಡು."

"ಸೋಲ್ ಅಂದ್ರೆ ಇಂಗ್ಲಿಷಲ್ಲಿ ಆತ್ಮ, ಎದೆಯೊಳಗಿಂದ ಎತ್ತಿ ಹಾಡೋದು ಅಕ್ಕಾ."

"ಓಹೋ, ನಾವೆಲ್ಲ ಮೊಣಕಾಲಿಂದ ಹಾಡ್ತೀವಾ?"

ಕೊನೆಯ ಹಾಡಿನಲ್ಲಿ ಪ್ರತಿ ಚರಣ ಮುಗಿದಾಗಲೂ 'ಕೇಳ್ತಿದ್ದೀಯಾ?' ಎಂಬ ಸಾಲು ಬರುತ್ತಿತ್ತು. ಈ ಬಗೆಯ ಹಾಡಿನಲ್ಲಿ ಅಂಥ ಸಾಲಿಗೆ ಹಿಂದೆ ನಿಂತ ಮೇಳದವರು ಉತ್ತರ ಕೊಡಬೇಕು. ಅವಳಿಗೆ ಮೇಳವೆಲ್ಲಿಂದ ಬರಬೇಕು? ಆ ಜಾಗವನ್ನು ಖಾಲಿ ಬಿಟ್ಟಿದ್ದಳು. ಮೂರನೇ ಟೇಕು ಬಲು ಚೆನ್ನಾಗಿ ಬರುತ್ತಿತ್ತು. ಕೊನೆಯ 'ಕೇಳ್ತಿದ್ದೀಯಾ?' ಮೇಲಕ್ಕೇರಿ ನಿಂತಿತು. ಮೂಲೆಯ ಕುರ್ಚಿಯಿಂದ ಗಂಡ ಅಂದ: "ಹೂಂ."

ಅವಳು ಹೆಡ್‌ಫೋನ್ ಕಿತ್ತೆಸೆದಳು. ಮನೆಯಲ್ಲಿ ಹಾಡಿ, ಹೇಗಿತ್ತು ಎಂದರೆ ಹೂಂ. ನಲ್ಲಿ ಸೋರುತ್ತಿದೆ ಎಂದರೂ ಅದೇ ಹೂಂ. ಈ ಮನುಷ್ಯ ತನ್ನ ಹಾಡು ಕೇಳುತ್ತಾನೋ, ಬರೀ ಹೂಂಗುಟ್ಟುತ್ತಾನೋ ಎಂಬುದು ಮದುವೆಯಾದಂದಿನಿಂದ ಅವಳಿಗೆ ಬಗೆಹರಿದಿರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ಸಾಕಾಗಿತ್ತು. ಅಂದು ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು. ಅವನು ಎದ್ದು ಹೋದ; ಮತ್ತೆ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ಟೇಕು ಒಂದು ಚೂರೂ ಕೊಂಕಿಲ್ಲದೆ ಬಂತು. ಆಲ್ಬಂಗೆ ಅದೇ ಎಂದಾಯಿತು.

*

ಮಣ್ಣು ಮಾಡಿದ ಮೇಲೆ ಗಾಯಕಿ, ಅಕ್ಕ, ರೆಕಾರ್ಡಿಸ್ಟ್ ಮೂವರೂ ಅವನ ಕಾರಿನಲ್ಲಿ ಗಾಜು ಏರಿಸಿಕೊಂಡು ಕೂತರು. ಅವನು ಮೂರನೇ ಟೇಕು ಹಾಕಿದ. 'ಕೇಳ್ತಿದ್ದೀಯಾ?' ಎಂದಿತು ಸ್ಪೀಕರು.

"ಹೂಂ."

ಅಕ್ಕನ ಮುಖ ಸ್ಪೀಕರಿನ ಕಡೆ ತಿರುಗಿತು.

"ತೂಕಡಿಸ್ತಾ ಅಂದಿದ್ದು ಬಿಡಿ ಅಕ್ಕಾ," ಎಂದಳು ಗಾಯಕಿ.

"ನಿನ್ ತಲೆ! ಇನ್ನೊಂದ್ಸಲ ಹಾಕಪ್ಪಾ."

ಅವನು ಹಾಕಿದ. ಅಕ್ಕ ಕಣ್ಣು ಮುಚ್ಚಿ ಕೇಳಿದಳು.

"ಅವನನ್ನ ಎತ್ತಿ ಆಡಿಸಿದೋಳು ಕಣೇ ನಾನು. ಕತೆ ಹೇಳಿ ಮಲಗಿಸ್ತಿದ್ದೆ. ನಿದ್ದೆ ಬಂದ್ರೆ ಹೂಂ ಕೆಳಗೆ ಬೀಳೋದು. ಊಟಕ್ಕೆ ಬಾ ಅಂದ್ರೆ ತುಂಡಾಗಿ ಬರೋದು. ನಾನು ಕತೆ ಮಧ್ಯ ನಿಲ್ಲಿಸಿಬಿಟ್ರೆ ಮಾತ್ರ ಹೀಗೆ, ಕೊನೇಲಿ ಒಂಚೂರು ಮೇಲೆದ್ದು... ಮುಂದೆ ಹೇಳು ಅನ್ನೋ ಹೂಂ ಇದು. ಪಾಪಿ, ಅಷ್ಟು ದೊಡ್ಡೋನಾದ್ರೂ ಹಾಗೇ ಅಂದಿದಾನೆ ನೋಡು."

ಗಾಯಕಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ಇವರಿಗೆ?"

"ಹೇಳ್ತಾನೇ ಇದ್ನಲ್ಲೇ," ಎಂದಳು ಅಕ್ಕ.

ರೆಕಾರ್ಡಿಸ್ಟ್ ಗಂಟಲು ಸರಿಮಾಡಿಕೊಂಡ. "ಈ ಟೇಕೇ ಇಟ್ಕೊಳ್ಳೋಣ ಮೇಡಂ. ಹೂಂ ಆದ ತಕ್ಷಣ ಕತ್ತರಿಸ್ತೀನಿ. ಮುಂದಿಂದು ಬೇಡ..."

"ಮುಂದಿಂದೂ ಹಾಕಿ."

ಅವಳದೇ ದನಿ ಕಾರಿನೊಳಗೆ ಸಿಡಿಯಿತು: "ರೀ, ಇದೇನು ಮನೇನಾ? ಕಲ್ಲಿಗೆ ಹಾಡಿದ್ರೂ ಕರಗಿರೋದು! ಎದ್ದು ಹೋಗಿ ಆಚೆ!"

ಅಕ್ಕ ಕಿಟಕಿಯ ಆಚೆ ನೋಡಿದಳು. ರೆಕಾರ್ಡಿಸ್ಟನ ಬೆರಳು ಬಟನ್ನಿನ ಹತ್ತಿರ ಹೋಯಿತು.

"ಮುಟ್ಟಬೇಡಿ," ಎಂದಳು ಗಾಯಕಿ. "ಆಲ್ಬಂನಲ್ಲಿ ಇದೂ ಇರ್ಲಿ. ಯಾವುದನ್ನೂ ಕತ್ತರಿಸಬೇಡಿ."

ಸ್ಪೀಕರಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಅವನ ಚೀಲದೊಳಗೆ ಸ್ಪ್ಯಾನರುಗಳು ಒಂದಕ್ಕೊಂದು ತಾಗಿದವು. ಯಾರೋ ಅವುಚಿ ಹಿಡಿದಂತೆ ಸದ್ದು ಅಲ್ಲೇ ನಿಂತಿತು. ಹೆಜ್ಜೆಗಳು ಬಾಗಿಲಿನ ಕಡೆ ಹೋದವು. ಆ ಶೆಡ್ಡಿನ ತಗಡಿನ ಬಾಗಿಲನ್ನು ಯಾರು ಹಾಕಿದರೂ ಧಡಾರೆನ್ನುತ್ತಿತ್ತು. ಮೂವರೂ ಕಾದರು. ಧಡಾರೆನ್ನಲಿಲ್ಲ.

"ರೆಕಾರ್ಡಿಂಗಿನ ಕೆಂಪು ದೀಪ ಇನ್ನೂ ಉರೀತಿತ್ತು, ಅವರು ಅದನ್ನ ನೋಡಿರ್ಬೇಕು," ಎಂದ ರೆಕಾರ್ಡಿಸ್ಟ್.

ಬಹಳ ಹೊತ್ತಿನ ಮೇಲೆ ಆ ಬಾಗಿಲಿನ ಚಿಲಕ ಕೂತ ಸಣ್ಣ ಸದ್ದು ಕೇಳಿಸಿತು.