ಬಿಷಪ್ಪರ ಪುಸ್ತಕದ ರಟ್ಟು

ಜಿರೋನಾ ಪಟ್ಟಣದ ಯಹೂದಿ ಕೇರಿಯಲ್ಲಿ ಆ ಶುಕ್ರವಾರ ಬೆಳಿಗ್ಗೆ ಇತ್ಯರ್ಥವಾಗಲೇಬೇಕಿದ್ದ ಗಂಭೀರ ಪ್ರಶ್ನೆಯೆಂದರೆ, ಪೆಟ್ಟಿಗೆಯ ಮುಂದಿನ ಹಿಡಿ ಯಾರದು ಎಂಬುದು. ಪುಸ್ತಕ ಕಟ್ಟುವ ಬೊಂಜುವಾ ಸತ್ತಿದ್ದ, ನಿಜ. ಆದರೆ ಅದರಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ. ಹಿಡಿಯ ವಿಷಯ ಹಾಗಲ್ಲ. ಕಟುಕ ಕ್ರೆಸ್ಕೆಸ್ ಅದನ್ನು ಆಗಲೇ ಹಿಡಿದಿದ್ದ. ದರ್ಜಿ ಮಾಹಿರ್ ಅದೇ ಹಿಡಿಯನ್ನು ಕ್ರೆಸ್ಕೆಸನ ಬೆರಳುಗಳ ಮೇಲಿಂದ ಹಿಡಿದಿದ್ದ.

ದೇವರ ಹೆಸರಿರುವ ಕಾಗದ ಸವೆದರೆ ಅದನ್ನು ಸುಡುವಂತಿಲ್ಲ, ಎಸೆಯುವಂತಿಲ್ಲ. ಯಾರಾದರೂ ಒಳ್ಳೆಯ ಮನುಷ್ಯ ಸತ್ತಾಗ ಅವನ ಕಾಲ ಬಳಿ ಇಟ್ಟು ಹೂಳಬೇಕು. ಅಂಥ ಮನುಷ್ಯ ಸಾಯುವವರೆಗೆ ಕೇರಿಯ ಹರಿದ ಪ್ರಾರ್ಥನೆ ಪುಸ್ತಕ, ಮಕ್ಕಳು ತಿದ್ದಿದ ಹಾಳೆ, ಎಲ್ಲವೂ ಬೊಂಜುವಾನ ಪೆಟ್ಟಿಗೆ ಸೇರುತ್ತಿದ್ದವು. ಕಾಗದದ ಮರ್ಜಿ ಗೊತ್ತಿದ್ದವನು ಅವನೊಬ್ಬನೇ. ನಡುವೆ ಒಳ್ಳೆಯ ಮನುಷ್ಯರು ಸಾಯದೆ ಇರಲಿಲ್ಲ. ಆದರೆ ಪ್ರತಿ ಸಲವೂ ಬೊಂಜುವಾ, ಪೆಟ್ಟಿಗೆ ಇನ್ನೂ ತುಂಬಿಲ್ಲ ಎನ್ನುತ್ತಿದ್ದ. ಕೇರಿಯ ಧರ್ಮಗುರು ರಬ್ಬಿ ಸತ್ತಾಗಲೂ ಹಾಗೆಯೇ ಅಂದ. ರಬ್ಬಿಯ ಹೆಂಡತಿ ಅದನ್ನು ಗಂಡನ ಯೋಗ್ಯತೆಗೆ ಅಂದ ಮಾತೆಂದು ತಿಳಿದು ಇವತ್ತಿಗೂ ಅವನ ಮನೆಯ ಕಡೆ ಮುಖ ಹಾಕಿರಲಿಲ್ಲ. ಈಗ ಬೊಂಜುವಾನೇ ಸತ್ತ ಮೇಲೆ, ತುಂಬಿಲ್ಲ ಎನ್ನಲು ಯಾರೂ ಉಳಿದಿರಲಿಲ್ಲ.

ವಿದಾಲ್ ಬಾಗಿಲಲ್ಲಿ ನಿಂತು ನೆರಳು ನೋಡುತ್ತಿದ್ದ. ಹೆಣ ಹೂಳುವ ಸಂಘಕ್ಕೆ ಅವನೇ ಹಿರಿಯ. ಇವತ್ತು ಸೂರ್ಯ ಮುಳುಗಿದರೆ ಸಬ್ಬತ್, ಯಾವ ಕೆಲಸವೂ ಕೂಡದ ದಿನ. ಆಮೇಲೆ ನಾಳೆ ಸಂಜೆಯವರೆಗೆ ಹೆಣ ಮನೆಯಲ್ಲೇ. ಅದು ಸಾಲದೆಂಬಂತೆ ಮಳೆಗಾಗಿ ಬೀದಿಯಲ್ಲಿ ಕ್ರೈಸ್ತರ ಮೆರವಣಿಗೆ. ಮೆರವಣಿಗೆಯ ದಿನ ಯಹೂದಿಗಳು ಹೆಣ ಹೊತ್ತು ಕೇರಿಯ ಬಾಗಿಲು ದಾಟಬೇಕಾದರೆ ಬಿಷಪ್ಪರ ಕಚೇರಿಯಿಂದ ಅನುಮತಿ ತರಬೇಕು. ಗುಡ್ಡದ ಮೇಲಿನ ಸ್ಮಶಾನದಲ್ಲಿ ಅಗೆಯುವವರು ನಿನ್ನೆಯಿಂದಲೇ ಕಾಯುತ್ತಿದ್ದರು. ಎಲ್ಲಿ ಅಗೆಯಬೇಕೆಂದು ಹೇಳಿಕಳಿಸಿ ಎಂದು ಬಾಗಿಲ ಕಾವಲುಗಾರನ ಕೈಲಿ ಎರಡು ಸಲ ಕೇಳಿಸಿದ್ದರು. ವಿದಾಲನಿಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ.

"ಬಿಡ್ರೋ ಇಬ್ರೂ," ಎಂದು ಬಂದು, ಹಿಡಿಗೆ ತಾನೇ ಕೈಹಾಕಿ ಎತ್ತಿದ.

ಪೆಟ್ಟಿಗೆ ಹೂವಿನ ಬುಟ್ಟಿಯಂತೆ ಮೇಲೆದ್ದು ಬಂತು. ವಿದಾಲ್ ಹಿಂದಕ್ಕೆ ವಾಲಿ ಗೋಡೆ ಹಿಡಿದುಕೊಂಡ.

"ಪವಿತ್ರವಾದ್ದು ಹಗುರವಾಗೇ ಇರುತ್ತೆ," ಎಂದ ಕ್ರೆಸ್ಕೆಸ್.

"ನಿನ್ನ ತಕ್ಕಡೀಲಿ ಮಾತ್ರ ಯಾವುದೂ ಹಗುರ ಬರಲ್ಲ ನೋಡು," ಎಂದ ಮಾಹಿರ್.

ವಿದಾಲ್ ಇಬ್ಬರನ್ನೂ ಹೊರಗೆ ಕಳಿಸಿ, ಬೀಗದ ಕೈಗಾಗಿ ಅಸ್ತ್ರುಗಾಳನ್ನು ಕರೆದ. ಸತ್ತವನ ಹೆಂಡತಿ ಬಂದಳು. ಕುಪ್ಪಸದ ಕೊರಳನ್ನು ಶಾಸ್ತ್ರದ ಪ್ರಕಾರ ಹರಿದುಕೊಂಡಿದ್ದಳು. ಪೆಟ್ಟಿಗೆಯನ್ನು ನೋಡಿದಳು, ಅವನನ್ನು ನೋಡಿದಳು.

"ಬೀಗ ಯಾಕೆ ವಿದಾಲಣ್ಣ," ಎಂದಳು. "ಒಳಗೇನೂ ಇಲ್ಲ."

*

ವಿದಾಲನ ಮಗ ಸಾಲ್ತೆಲ್ ಅಕ್ಷರ ಕಲಿಯುತ್ತಿದ್ದಾಗಲೇ ಜ್ವರ ಬಂದು ತೀರಿಕೊಂಡಿದ್ದ. ಅವನು ತಿದ್ದಿದ ಹಾಳೆಗಳನ್ನು ವಿದಾಲ್ ಬಹಳ ದಿನ ಇಟ್ಟುಕೊಂಡಿದ್ದ. ಮೊದಲ ಅಕ್ಷರದ ಪಕ್ಕದಲ್ಲಿ ಹುಡುಗ ಒಂದು ಹುಂಜ ಬರೆದಿದ್ದ. ಅಕ್ಷರಕ್ಕಿಂತ ಹುಂಜವೇ ಚೆನ್ನಾಗಿತ್ತು. ಕೊನೆಗೆ ಹೆಂಡತಿಯ ಕಣ್ಣಿಗೆ ಅವು ಬೀಳುವುದು ಬೇಡವೆಂದು ಒಂದು ದಿನ ಬೊಂಜುವಾನ ಬಳಿಗೆ ತಂದ.

ಬೊಂಜುವಾ ಅಂಟು ಕಲಸುತ್ತಿದ್ದವನು ಎದ್ದು ಕೈ ತೊಳೆದ, ಒರೆಸಿದ, ಮತ್ತೆ ತೊಳೆದ. ಹಾಳೆಗಳನ್ನು ಎರಡೂ ಕೈಯಲ್ಲಿ ಈಸಿಕೊಂಡ. ಸಮಾಧಾನದ ಮಾತು ಯಾವುದೂ ಅವನಿಗೆ ಬರುತ್ತಿರಲಿಲ್ಲ.

"ಎಲ್ಲೂ ಮಡಿಚಿಲ್ಲ ತಾನೆ?" ಎಂದು ಕೇಳಿದ.

ಆ ಪ್ರಶ್ನೆಗೆ ವಿದಾಲ್ ಬಹಳ ದಿನ ಸಿಟ್ಟಾಗಿದ್ದ. ಆದರೂ ಒಂದು ನೆಮ್ಮದಿಯಿತ್ತು. ಯಾವನೋ ಒಬ್ಬ ಒಳ್ಳೆಯ ಮನುಷ್ಯ ಸಾಯುತ್ತಾನೆ. ಅವತ್ತು ಮಗನ ಕೈಬರಹಕ್ಕೆ ಮಣ್ಣು ಕೊಟ್ಟು ತಾನೂ ಹಗುರಾಗುತ್ತೇನೆ. ಅಂದಿನಿಂದ ಕೇರಿಯಲ್ಲಿ ಯಾವ ಸಜ್ಜನನಿಗೆ ಕೆಮ್ಮು ಬಂದರೂ, ವಿದಾಲ್ ವಿಚಾರಿಸಿಕೊಂಡು ಬರಲು ಹೋಗುತ್ತಿದ್ದ. ಎಂಥ ಕಾಳಜಿ ಎಂದು ಜನ ಹೊಗಳುತ್ತಿದ್ದರು.

*

ಅಸ್ತ್ರುಗಾ ಮುಚ್ಚಿಡಲಿಲ್ಲ. ಒಂದು ವರ್ಷ ಈಸ್ಟರ್ ಹಬ್ಬದಲ್ಲಿ ಕೇರಿಯ ಮೇಲೆ ಕಲ್ಲು ಬಿದ್ದಾಗ ಪುಂಡರು ಸ್ಮಶಾನವನ್ನೂ ಕೆದಕಿದ್ದರು. ಅದಾದ ಕೆಲವು ದಿನಕ್ಕೆ ಸಂತೆಯಲ್ಲಿ ಮೀನಿನವಳು ಒಂದು ಹಾಳೆಯಲ್ಲಿ ಹಾವುಮೀನು ಸುತ್ತಿ ಕೊಡುವುದನ್ನು ಬೊಂಜುವಾ ಕಂಡ. ಹಾಳೆಯ ಮೇಲೆ ದೇವರ ಹೆಸರಿತ್ತು. ಹಾವುಮೀನು ಯಹೂದಿಗಳು ಮುಟ್ಟುವಂಥದ್ದಲ್ಲ. ಆದರೂ ಕೊಂಡು ತಂದ, ಬೆಕ್ಕಿಗೆ ಹಾಕಿದ, ಹಾಳೆಯನ್ನು ತೊಳೆದು ಒಣಗಿಸಿದ. ಆಮೇಲೆ ಮಣ್ಣನ್ನು ನಂಬಲಿಲ್ಲ.

ಬಿಷಪ್ಪರ ಕಚೇರಿಯ ಪುಸ್ತಕಗಳನ್ನು ಕಟ್ಟುತ್ತಿದ್ದವನು ಅವನೇ. ಹಾಳೆಯ ಮೇಲೆ ಹಾಳೆ ಅಂಟಿಸಿ, ಒತ್ತಿ, ಒಣಗಿಸಿದರೆ ರಟ್ಟು; ಅದರ ಮೇಲೆ ತೊಗಲು ಹೊದಿಸಿದರೆ ಒಳಗೇನಿದೆಯೆಂದು ಯಾರಿಗೂ ಕಾಣದು. ಬಿಷಪ್ಪರ ಪುಸ್ತಕಕ್ಕೆ ಯಾವ ಪುಂಡನೂ ಕೈಹಾಕುವುದಿಲ್ಲ ಎಂಬುದು ಅವನು ಹೆಂಡತಿಗೆ ಕೊಟ್ಟ ಕಾರಣ. ರಟ್ಟಿಗೆ ಬೇರೆ ಕಾಗದ ಕೊಳ್ಳುವುದು ತಪ್ಪುತ್ತದೆ ಎಂಬ ಇನ್ನೊಂದು ಕಾರಣವನ್ನು ಅವನು ಕೊಡಬೇಕಾಗಿರಲಿಲ್ಲ. ಅವಳು ಅವನ ಜೊತೆ ಸಂಸಾರ ಮಾಡಿದವಳು.

"ಬೈದೆ, ಅಣ್ಣ. ಇದು ಪಾಪ ಅಂದೆ. ಕೇಳಿಸ್ಕೋತಾ ಅಂಟು ಕಲಸ್ತಾನೇ ಇದ್ರು."

"ಸಾಲ್ತೆಲ್‌ದು?"

"ಅನುಮತಿ ಬರ್ಕೊಳ್ಳೋ ಪುಸ್ತಕ. ಅದರ ಮುಂದಿನ ರಟ್ಟು. ಹುಡುಗನ ಹಾಳೆ ಅಂತ ಎಲ್ಲಕ್ಕೂ ನಡುವೆ ಹಾಕಿದಾರೆ, ಉಜ್ಜಿ ಸವೀಬಾರದು ಅಂತ."

ವಿದಾಲ್ ಪೆಟ್ಟಿಗೆಯ ಮೇಲೆ ಕುಳಿತ, ತಕ್ಷಣ ಎದ್ದ. ಸಂಘದ ನಿಯಮ ಅವನಿಗೆ ಗೊತ್ತು. ಪವಿತ್ರವಾದ್ದನ್ನು ಕೆಡಿಸಿದವನಿಗೆ ಗೋರಿಗಳ ಸಾಲಿನಲ್ಲಿ ಜಾಗವಿಲ್ಲ. ಗೋಡೆಯ ಪಕ್ಕ, ಗುರುತಿಲ್ಲದ ಗುಂಡಿ. ಅದನ್ನೇ ಹೇಳಿದ.

"ಗೋಡೆ ಪಕ್ಕ ಹೂಳೋದಾದ್ರೆ ಹೂಳಿ," ಎಂದಳು ಅಸ್ತ್ರುಗಾ. "ಆದ್ರೆ ಇವತ್ತೇ ಹೂಳಿ."

ಎಲ್ಲಿ ಹೂತರೂ ಅನುಮತಿಯಂತೂ ಬೇಕು. ವಿದಾಲ್ ಹೊರಟ. ಅಂಗಳದಲ್ಲಿ ಮಾಹಿರ್, ಅಗೆಯುವವರಿಗೆ ಏನು ಹೇಳಲಿ ಎಂದು ಕೇಳಿದ. ಬಂದು ಹೇಳುತ್ತೇನೆ ಎಂದ ವಿದಾಲ್, ಅವನ ಮುಖ ನೋಡದೆ.

*

ಬಿಷಪ್ಪರ ಕಚೇರಿಯ ಗುಮಾಸ್ತ ಬೆರೆಂಗೆರ್ ಪಾದ್ರಿಗೆ ಆ ದಿನ ಬೇಜಾರಾಗಿತ್ತು. ಎಲ್ಲರೂ ಮೆರವಣಿಗೆಗೆ ಹೋಗಿದ್ದರು. ಕೀಲುನೋವಿನಿಂದ ಅವನೊಬ್ಬ ಉಳಿದಿದ್ದ. ವಿದಾಲನನ್ನು ಬೆಂಚಿನ ಮೇಲೆ ಕೂರಿಸಿ, ಸತ್ತವನು ಯಾರೆಂದು ಕೇಳಿ, ನಿಜವಾಗಿಯೂ ಮರುಗಿದ. ಇನ್ನು ಪುಸ್ತಕ ಕಟ್ಟುವವರು ಯಾರು? ಬಾರ್ಸಿಲೋನಾದವರು ಕಟ್ಟಿದ್ದು ಎರಡನೇ ಚಳಿಗಾಲಕ್ಕೇ ಬಾಯಿ ಬಿಡುತ್ತದೆ. ನಿಮ್ಮವನದು ಕಲ್ಲಿನಂತೆ. ಹೀಗೆ ಹೇಳುತ್ತ ಒಳಗೆ ಹೋಗಿ, ಅನುಮತಿಯ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಬಂದ.

ವಿದಾಲ್ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ರಟ್ಟನ್ನು ಬಿಚ್ಚಿಸಿಕೊಡಿ, ಬದಲಿಗೆ ಹೊಸದು ಮಾಡಿಸಿಕೊಡುತ್ತೇನೆ ಎಂದು ಬೇಡಿಕೊಳ್ಳುವುದೆಂದು ಒಮ್ಮೆ. ಬಿಷಪ್ಪರ ಪುಸ್ತಕದೊಳಗೆ ಯಹೂದಿ ಬರಹವಿದೆ ಎಂದು ಬಾಯಿಬಿಟ್ಟರೆ ಇಡೀ ಕೇರಿಗೇ ಸಂಕಟ ಎಂದು ಇನ್ನೊಮ್ಮೆ. ಈಗ ಪುಸ್ತಕ ಎದುರಿಗೆ ಬಂತು. ಮುಂದಿನ ರಟ್ಟು ಹಿಂದಿನದಕ್ಕಿಂತ ಒಂದಿಷ್ಟು ದಪ್ಪವಾಗಿತ್ತು.

ಬೆರೆಂಗೆರ್ ಅದನ್ನು ಮೇಜಿನ ಮೇಲಿಟ್ಟು, ಶಾಯಿ ಹುಡುಕುತ್ತ, ಕೈಯಲ್ಲಿದ್ದ ದ್ರಾಕ್ಷಾರಸದ ಲೋಟವನ್ನು ಅದರ ಮೇಲಿಟ್ಟ.

"ಲೋಟ ತೆಗೀರಿ ಸ್ವಾಮಿ," ಎಂದ ವಿದಾಲ್.

ಪಾದ್ರಿ ಅವನನ್ನು ವಿಚಿತ್ರವಾಗಿ ನೋಡಿದ, ಲೋಟ ತೆಗೆದ. "ನಮ್ಮ ಬಿಷಪ್ಪರೂ ಹೀಗೇ ಕಣಯ್ಯಾ. ಹೋದ ವರ್ಷ ಅಡಿಗೆಮನೆಗೆ ಬೆಂಕಿ ಬಿದ್ದಾಗ ಮೊದಲು ಪುಸ್ತಕ ಹೊರಗೆ ಅಂದ್ರು. ಆಮೇಲೆ ದ್ರಾಕ್ಷಾರಸ. ಅಡಿಗೆಯವನು ತಾನೇ ಬಂದ."

"ತುಂಬಿದ ಪುಸ್ತಕ ಏನು ಮಾಡ್ತೀರಿ?"

"ಒಳಗೆ ಇಡ್ತೀವಿ."

"ಹಳೇದಾಯ್ತು, ಯಾರಿಗೂ ಬೇಡವಾಯ್ತು ಅಂದ್ಕೊಳ್ಳಿ. ಆಗ?"

"ಬೇಡವಾದ್ರೇನು, ಇಡ್ತೀವಿ. ಬಿಸಾಕೋ ಹಕ್ಕು ನಮಗಿಲ್ಲ. ಬಿಷಪ್ಪರಿಗೂ ಇಲ್ಲ. ಕಬ್ಬಿಣದ ಬಾಗಿಲು, ಒದ್ದೆ ಆಗದ ಕೋಣೆ. ನಾನು ನೀನು ಮಣ್ಣಾದ ಮೇಲೂ ಅದು ಅಲ್ಲೇ ಬಿದ್ದಿರುತ್ತೆ."

ಬೆರೆಂಗೆರ್ ಬರೆಯುವ ಪುಟ ತೆರೆಯಲು ಮುಂದಿನ ರಟ್ಟನ್ನು ಎತ್ತಿದ. ತಮ್ಮ ಪ್ರಾರ್ಥನಾಮಂದಿರದಲ್ಲಿ ಧರ್ಮಗ್ರಂಥವನ್ನು ಹೊರತಂದಾಗ ಏಳುವಂತೆ ವಿದಾಲ್ ಎದ್ದು ನಿಂತ. ಟೋಪಿ ಸರಿಮಾಡಿಕೊಂಡು ಕೈ ಕಟ್ಟಿದ. ಪಾದ್ರಿ ಕೂರು ಎಂದ, ಮತ್ತೊಮ್ಮೆ ಕೂರು ಎಂದ. ಬರೆದು ಮುಗಿಸಿ, ಶಾಯಿ ಒಣಗಲು ಮರಳು ಉದುರಿಸಿ, ರಟ್ಟು ಮುಚ್ಚುವವರೆಗೂ ವಿದಾಲ್ ಕೂರಲಿಲ್ಲ.

ಕೇರಿಯ ಬಾಗಿಲಲ್ಲೇ ಮಾಹಿರ್ ಕಾದಿದ್ದ. ಎಲ್ಲಿ ಅಂತ ಹೇಳಲಿ ಎಂದ.

"ಸಾಲಿನಲ್ಲಿ. ಸಾಲ್ತೆಲ್ ಪಕ್ಕ."

"ಅದು ನಿಂಗೆ ಅಂತ ಇಟ್ಕೊಂಡಿದ್ದ ಜಾಗ ಅಲ್ವಾ?"

"ನಾನಿನ್ನೂ ಸತ್ತಿಲ್ಲವಲ್ಲ. ಓಡು, ಹೊತ್ತಾಯ್ತು."

ಕಾಲ ಬಳಿ ಇಡುವುದು ಏನಾಯಿತು ಎಂದು ಕ್ರೆಸ್ಕೆಸ್ ಕೇಳಿದ್ದಕ್ಕೆ, ಬೊಂಜುವಾ ಆ ಕೆಲಸವನ್ನು ಮೊದಲೇ ಮುಗಿಸಿದ್ದಾನೆ ಎಂದಷ್ಟೇ ವಿದಾಲ್ ಹೇಳಿದ. ಅಸ್ತ್ರುಗಾ ಕೇಳಿಸಿಕೊಂಡಳು; ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಮೆರವಣಿಗೆ ಮುಂದಿನ ಬೀದಿಯಲ್ಲಿ ಹಾಡುತ್ತ ಹೋಗುತ್ತಿದ್ದಾಗ, ಇವರು ಹಿಂದಿನ ಬೀದಿಯಿಂದ ಹಾಡಿಲ್ಲದೆ ಗುಡ್ಡ ಹತ್ತಿದರು. ಸೂರ್ಯ ಮುಳುಗುವ ಮೊದಲೇ ಮಣ್ಣಾಯಿತು.

ಬಿಷಪ್ಪರ ಪುಸ್ತಕದಲ್ಲಿ ಆ ದಿನದ ಬರಹ ಇಷ್ಟು: 'ಪುಸ್ತಕ ಕಟ್ಟುವ ಯಹೂದಿ ಬೊಂಜುವಾ ಸತ್ತಿದ್ದಾನೆ. ಹೆಣ ಹೊರಲು ಅನುಮತಿ ಕೊಟ್ಟಿದೆ. ಕೇಳಲು ಬಂದವನು ಈ ಪುಸ್ತಕದ ಮುಂದೆ ಕೂರಲು ಒಪ್ಪಲಿಲ್ಲ. ಕಾರಣ ಹೇಳಲಿಲ್ಲ.'