ತಂಗಿ ಹಿಡಿದ ಹಲಗೆ

ಸಾವಿರದೈನೂರು ಮೀಟರ್ ಈಜುವವರಿಗೆ ಇನ್ನೆಷ್ಟು ಸುತ್ತು ಉಳಿದಿದೆ ಎಂಬ ಲೆಕ್ಕ ತಪ್ಪಿಹೋಗುತ್ತದೆ. ಅದಕ್ಕೇ ಕೊಳದ ಆಚೆ ತುದಿಯಲ್ಲಿ ಒಬ್ಬರು ಕೂತು, ಅಂಕಿಯ ಹಲಗೆಯನ್ನು ನೀರಿಗೆ ಅದ್ದಿ ತೋರಿಸುತ್ತಾರೆ. ಅಕ್ಕನಿಗೆ ಆ ಹಲಗೆ ಹಿಡಿಯುತ್ತಿದ್ದವಳು ತಂಗಿ.

ಒಂದು ಕಾಲಕ್ಕೆ ಇಬ್ಬರೂ ಪಕ್ಕಪಕ್ಕದಲ್ಲೇ ಈಜಿದವರು. ತಂಗಿಯದೇ ಒಂದು ಕೈ ಮೇಲು. ಭುಜ ಕೈಕೊಟ್ಟ ಮೇಲೆ ಅವಳು ದಡ ಹತ್ತಿದಳು. ಅವಳಿಗೆ ಸಿಗಬೇಕಿದ್ದ ಜಾಗದಲ್ಲಿ ಅಕ್ಕ ದೇಶದ ಟೋಪಿ ತೊಟ್ಟು ಹೊರದೇಶದ ಕೊಳಗಳಲ್ಲಿ ಈಜಿದಳು. ತಂಗಿ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಅದೇ ಅಕ್ಕನಿಗೆ ಒಳಗೊಳಗೇ ಚುಚ್ಚುತ್ತಿತ್ತು. ಇಷ್ಟು ಒಳ್ಳೆಯತನ ಯಾರಿಗಿರುತ್ತದೆ?

ವಿಶ್ವ ಈಜುಕೂಟದ ಆಯ್ಕೆಯ ದಿನ, ಬಟ್ಟೆ ಬದಲಿಸುವ ಕೋಣೆಯ ಹಿಂದೆ ತಂಗಿ ತನ್ನ ಮುಖ್ಯ ಎದುರಾಳಿಯ ಕೋಚ್ ಜೊತೆ ಪಿಸುಗುಡುತ್ತಿದ್ದುದನ್ನು ಅಕ್ಕ ಕಂಡಳು. ಆತ ನಗುತ್ತ ತಂಗಿಯ ಕೈ ಕುಲುಕಿದ.

“ಏನಂತೆ ಅವರದು?”

“ಏನಿಲ್ಲಕ್ಕ, ಸುಮ್ನೆ ಮಾತಾಡ್ಸಿದ್ರು. ನೀನು ಹೋಗಿ ಮೈ ಬಿಸಿ ಮಾಡ್ಕೋ.” ತಂಗಿ ಕಣ್ಣು ತಪ್ಪಿಸಿದಳು.

ಅಕ್ಕನ ತಲೆಗೆ ಹುಳ ಹೊಕ್ಕಿತು. ನೀರಿಗೆ ಹಾರಿದ ಮೇಲೂ ಅದು ಕೊರೆಯುತ್ತಲೇ ಇತ್ತು. ಅರ್ಧ ದೂರದವರೆಗೆ ಅವಳೇ ಮುಂದು. ಆಮೇಲೊಮ್ಮೆ ತಿರುಗುವಾಗ ಹಲಗೆಯಲ್ಲಿ ಒಂಬತ್ತು ಕಂಡಿತು. ಅವಳ ಲೆಕ್ಕಕ್ಕೆ ಇನ್ನೂ ಹನ್ನೊಂದು ಉಳಿದಿತ್ತು. ಕೊನೆ ಬಂತೆಂದು ಮೊದಲೇ ಓಡಿಸಿ ಸುಸ್ತು ಮಾಡುವ ಹುನ್ನಾರ ಎಂದುಕೊಂಡಳು. ಮುಂದಿನ ಸಲ ತಂಗಿ ಹಲಗೆಯನ್ನು ಜೋರಾಗಿ ಅಲ್ಲಾಡಿಸಿದಳು. ಅಕ್ಕ ನೋಡಿಯೂ ನೋಡದವಳಂತೆ ಗೋಡೆ ಒದ್ದು ಹೊರಟಳು. ಎದುರಾಳಿ ಸಮಕ್ಕೆ ಬಂದಳು, ದಾಟಿಯೂ ಹೋದಳು. ಹೋಗಲಿ, ಇನ್ನೂ ಬೇಕಾದಷ್ಟು ದೂರವಿದೆಯಲ್ಲ!

ಅಷ್ಟರಲ್ಲಿ ಕೊನೆ ಹತ್ತಿರವಾಯಿತೆಂದು ಸಾರುವ ಗಂಟೆ ಬಡಿಯಿತು.

ತಪ್ಪಿದ್ದು ಅಕ್ಕನ ಲೆಕ್ಕವೇ. ಉಳಿಸಿಟ್ಟ ದಮ್ಮನ್ನೆಲ್ಲ ಸುರಿದಳು. ಗೋಡೆ ಮುಟ್ಟಿ ತಲೆಯೆತ್ತಿದರೆ ಎದುರಾಳಿ ಆಗಲೇ ಗಾಗಲ್ಸ್ ತೆಗೆದು ನಗುತ್ತಿದ್ದಳು. ಇದ್ದದ್ದು ಒಬ್ಬರಿಗೇ ಜಾಗ.

ತಂಗಿ ಟವೆಲ್ ಹಿಡಿದು ಓಡಿಬಂದಳು. “ಒಂಬತ್ತು ತೋರಿಸಿದ್ದು ಕಾಣಿಸ್ಲೇ ಇಲ್ವಾ?”

“ಕಾಣಿಸ್ತು.”

ತಂಗಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಟವೆಲ್ಲನ್ನು ಕೊಡದೆ ಕೈಯಲ್ಲೇ ಹಿಂಡುತ್ತ ನಿಂತಳು.

“ಆ ಕೋಚ್ ತಮ್ಮ ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸೋಕೆ ಕರೆದ್ರು. ಈಗ್ಲೇ ಹೇಳಿದ್ರೆ ನಿನ್ನ ತಲೆ ಕೆಡುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ.”

“ನಿಜ ಹೇಳು. ತಪ್ಪು ಅಂಕಿ ತೋರಿಸ್ಬೇಕು ಅಂತ ನಿನಗೆ ಯಾವತ್ತೂ ಅನ್ನಿಸಿಲ್ವಾ?”

“ಅನ್ನಿಸಿದೆ. ನೀನು ಮೊದಲ್ನೇ ಸಲ ದೇಶಕ್ಕೆ ಆಯ್ಕೆ ಆದ ದಿನ. ಅಂಕಿ ತಿರುಗ್ಸೂ ಆಗಿತ್ತು. ಮನಸ್ಸು ಬರ್ಲಿಲ್ಲ, ಸರಿ ಮಾಡ್ದೆ.”

ಅಕ್ಕ ಮತ್ತೂ ಕೆಲವು ವರ್ಷ ಈಜಿದಳು. ಯಾರ್ಯಾರೋ ಹಲಗೆ ಹಿಡಿದರು. ಮುಖ ಕೂಡ ನೋಡದೆ ನಂಬಿದಳು. ತಂಗಿಯನ್ನು ಕರೆಯಲು ಬಾಯಿ ಬರಲಿಲ್ಲ. ತಂಗಿ ಈಗಲೂ ಭಾನುವಾರ ಊಟಕ್ಕೆ ಬರುತ್ತಾಳೆ, ಕೊಳದ ನೀರು ಕುಡಿದು ಕೆಮ್ಮುವ ಮಕ್ಕಳ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಾಳೆ. ಅಕ್ಕನೂ ನಗುತ್ತಾಳೆ. ನಗುತ್ತಲೇ ಅವಳ ಮುಖವನ್ನು ಓರೆಗಣ್ಣಲ್ಲಿ ನೋಡುತ್ತಾಳೆ.