ಪೆಟ್ಟಿಗೆ ಬಿಚ್ಚದ ಎಂಜಿನ್

ನನ್ನ ಮಗ ಲೈಲ್ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವನ ಗ್ಯಾರೇಜಿನಲ್ಲಿ ಒಂದು ಕಾರೂ ಎರಡು ಎಂಜಿನ್‌ಗಳೂ ಇದ್ದವು. ಕಾರಿನೊಳಗೆ ಮಾತ್ರ ಎಂಜಿನ್ ಇರಲಿಲ್ಲ.

ಕಾರು ಎಪ್ಪತ್ತನೆಯ ಇಸವಿಯ ಷೆವೆಲ್; ಕಡುನೀಲಿ ಬಣ್ಣ, ಮೂತಿಯ ಮೇಲೆ ಎರಡು ಬಿಳಿ ಪಟ್ಟೆ. ಅದರೊಡನೆಯೇ ಹುಟ್ಟಿದ ಎಂಜಿನ್ ಕಬ್ಬಿಣದ ಕಾಲುಗಳ ಮೇಲೆ, ಹಳೆಯ ಹಾಸುಬಟ್ಟೆಯೊಂದನ್ನು ಹೊದ್ದು ಗೋಡೆಯ ಬದಿಗೆ ನಿಂತಿತ್ತು. ಲೈಲ್ ಹೈಸ್ಕೂಲಿನಲ್ಲಿದ್ದಾಗ ಅವನೂ ನಾನೂ ಅದನ್ನು ಒಮ್ಮೆ ಬಿಚ್ಚಿ ಕಟ್ಟಿದ್ದೆವು. ಕಾರಿನಿಂದ ಇಳಿಸುವ ಮುಂಚೆ ಅದು ಹೊಗೆಯುಗುಳುತ್ತಿತ್ತು, ಒಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದು ಮಾಡುತ್ತಿತ್ತು. ಇನ್ನೊಂದು ಎಂಜಿನ್ ಹೊಚ್ಚ ಹೊಸದು. ಕಂಪನಿಯಿಂದ ಬಂದ ಮರದ ಪೆಟ್ಟಿಗೆಯಲ್ಲಿಯೇ ಇತ್ತು. ಪೆಟ್ಟಿಗೆಗೆ ಬಿಗಿದ ಉಕ್ಕಿನ ಪಟ್ಟಿಯನ್ನು ಕೂಡ ಅವನು ಕತ್ತರಿಸಿರಲಿಲ್ಲ.

ಹಳೆಯದನ್ನು ಸರಿಮಾಡಿ ಕೂರಿಸಬೇಕೆಂದಿದ್ದನೋ, ಹೊಸದನ್ನು ಹಾಕಬೇಕೆಂದಿದ್ದನೋ, ನನಗೆ ಹೇಳಿರಲಿಲ್ಲ. ಕೆಲಸಕ್ಕೆ ಹೊರಟವನು ಅಡುಗೆಮನೆಯ ಬಾಗಿಲಲ್ಲಿ ಕುಸಿದ. ಹೇಳುವುದಕ್ಕೆ ಅವಕಾಶವಾಗಲಿಲ್ಲ.

ಈಸ್ಟರ್ ಕಳೆದ ಮೇಲೆ ಸೊಸೆ ಮರ್ಲಾ ಮನೆ ಮಾರುವ ನಿಶ್ಚಯ ಮಾಡಿದಳು. ಬೇಸಿಗೆ ಮುಗಿಯುವ ಹೊತ್ತಿಗೆ ಗ್ರ್ಯಾಂಡ್ ರ‍್ಯಾಪಿಡ್ಸಿನ ಅಕ್ಕನ ಬಳಿಗೆ ಹೋಗುವುದಾಗಿ ಹೇಳಿದಳು. ಕಾರು ಟ್ರೇಲರಿನ ಮೇಲೆ ಹೆಣದಂತೆ ಹೋಗಬಾರದು, ತನ್ನ ಕಾಲಿನ ಮೇಲೆ ಹೋಗಬೇಕು, ಲೈಲ್ ಬಯಸಿದ ಎಂಜಿನ್ನೇ ಅದರಲ್ಲಿರಬೇಕು ಎಂದೆ. ನಿಮಗೆ ಸರಿ ತೋರಿದ ಹಾಗೆ ಮಾಡಿ ಮಾವ ಎಂದು ಅವಳು ಪೆಟ್ಟಿಗೆಗೆ ಪಾತ್ರೆ ತುಂಬುವುದನ್ನು ಮುಂದುವರಿಸಿದಳು.

ಮಗನಿಗಾಗಿ ನಾನು ಮಾಡಬಹುದಾದ ಕೆಲಸ ಇದೊಂದೇ ಉಳಿದಿತ್ತು. ಅವನು ಬೇಡವೆಂದ ಎಂಜಿನ್ನನ್ನು ನಾನು ಕೂರಿಸಿದರೆ ಜಗಳವಾಡಲು ಅವನು ಬರುವಂತಿರಲಿಲ್ಲ. ಆ ಯೋಚನೆ ಹೊಕ್ಕ ಮೇಲೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಕಾಫಿ ಅರ್ಧ ಕುಡಿದು ಏಳುತ್ತಿದ್ದೆ. ಹುಲ್ಲು ಕತ್ತರಿಸಲು ಹೋಗಿ ಅರ್ಧದಲ್ಲಿ ಯಂತ್ರ ಬಿಟ್ಟು ಬರುತ್ತಿದ್ದೆ. ಭಾನುವಾರ ಚರ್ಚಿನಲ್ಲಿ ಕಾಣಿಕೆಯ ತಟ್ಟೆ ಹಿಡಿದವನು ಒಂದು ಸಾಲನ್ನೇ ದಾಟಿ ಮುಂದೆ ಹೋದೆ. ಆ ಸಾಲಿನವರು ಕೈಯಲ್ಲಿ ಕಾಣಿಕೆ ಹಿಡಿದು ನನ್ನ ಬೆನ್ನು ನೋಡುತ್ತಿದ್ದರಂತೆ. ಪಾಸ್ಟರ್ ಹೈಟ್ಕೆ ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, ಸ್ವಲ್ಪ ಕಾಲ ಸುಮ್ಮನೆ ಕುಳಿತು ದೇವರ ಮಾತು ಕೇಳಬೇಕು ಎಂದರು. ಕೂರುವುದೇ ನನ್ನಿಂದ ಆಗದಿದ್ದ ಕೆಲಸ.

ಶನಿವಾರ ಬೆಳಿಗ್ಗೆ ಡೋನಟ್ ಅಂಗಡಿಯ ಮುಂದಿನ ಬಯಲಿಗೆ ಹೋದೆ. ಹಳೆಯ ಕಾರಿನವರೆಲ್ಲ ಅಲ್ಲಿ ಸೇರಿ, ಕಾರಿನ ಬಾನೆಟ್ ತೆರೆದಿಟ್ಟು, ಮಡಿಸುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಲೈಲ್ ಒಂದು ಶನಿವಾರವನ್ನೂ ತಪ್ಪಿಸಿದವನಲ್ಲ. ಅವನ ಗೆಳೆಯರಲ್ಲಿ ಡ್ವೇನ್ ಟ್ರೆಡ್‌ವೆಲ್ ಮತ್ತು ಗಸ್ ತಬೋರ್ ಇಬ್ಬರೂ ಇದ್ದರು. ನನ್ನನ್ನು ಕಂಡು ಎದ್ದು ನಿಂತು ಕುರ್ಚಿ ಕೊಟ್ಟರು. ನಾನು ನಿಂತೇ ಕೇಳಿದೆ.

ಡ್ವೇನನಿಗೆ ಅನುಮಾನವೇ ಇರಲಿಲ್ಲ. ಕಾರ್ಖಾನೆಯಲ್ಲಿ ಕಾರಿಗೂ ಎಂಜಿನ್ನಿಗೂ ಒಂದೇ ಸಂಖ್ಯೆಯನ್ನು ಉಕ್ಕಿನ ಅಚ್ಚಿನಿಂದ ಹೊಡೆದಿರುತ್ತಾರೆ. ಆ ಎರಡು ಸಂಖ್ಯೆ ಕೂಡಿರುವವರೆಗೆ ಅದು ನಿಜವಾದ ಷೆವೆಲ್. ಲೈಲ್ ಆ ಹಳೆಯ ಎಂಜಿನ್ನನ್ನು ಸಾಯುವವರೆಗೂ ಬಿಡುವುದಿಲ್ಲ ಎಂದು ಇದೇ ಜಾಗದಲ್ಲಿ ಹೇಳಿದ್ದ ಎಂದ.

"ಅದನ್ನ ತೆಗೆದು ಬೇರೆ ಹಾಕಿದ್ರೆ ಅದು ಷೆವೆಲ್ ಅಲ್ಲ, ಷೆವೆಲ್ ವೇಷ ಹಾಕ್ಕೊಂಡ ಟ್ಯಾಕ್ಸಿ."

ಗಸ್ ಬಾಯಲ್ಲಿದ್ದ ಡೋನಟ್ ನುಂಗಿಕೊಂಡ. "ನಿನ್ನ ಗಾಡಿ ವರ್ಷಕ್ಕೆ ಎರಡು ಸಲ ರೋಡಿಗೆ ಬರತ್ತೆ, ಅದ್ರಲ್ಲಿ ಒಂದ್ಸಲ ಟ್ರೇಲರ್ ಮೇಲೆ. ನೀನು ಮಾತಾಡ್ಬೇಡ ಕಣಯ್ಯಾ." ಆಮೇಲೆ ನನ್ನ ಕಡೆ ತಿರುಗಿ, ಲೈಲ್ ತನಗೆ ಹೇಳಿದ್ದೇ ಬೇರೆ ಎಂದ. ಕೀಲಿ ತಿರುಗಿಸಿದರೆ ಚಾಲೂ ಆಗುವ ಕಾರು ಬೇಕು, ಉತ್ತರದ ಸೇತುವೆ ದಾಟಿ ಆಚೆಯ ಕಾಡಿನವರೆಗೆ ಹೋಗಿ ಬರಬೇಕು ಎಂದಿದ್ದನಂತೆ. ಹೊಸ ಎಂಜಿನ್ ತರುವಾಗ ಟ್ರಕ್ ಕೊಟ್ಟದ್ದೂ ಗಸ್ಸೇ ಅಂತೆ.

"ತರೋದು ಬೇರೆ, ಹಾಕೋದು ಬೇರೆ," ಎಂದ ಡ್ವೇನ್.

"ಹೌದಪ್ಪ, ಮನೇಲಿ ಅಲಂಕಾರಕ್ಕೆ ಇಟ್ಕೊಳ್ಳೋಣ ಅಂತ ತಂದ."

ಇಬ್ಬರೂ ಸುಳ್ಳು ಹೇಳುವವರಲ್ಲ. ಅವರ ವಾದ ಅಲ್ಲಿದ್ದ ಉಳಿದವರಿಗೂ ಹಬ್ಬಿತು. ಒಬ್ಬೊಬ್ಬನಿಗೂ ಲೈಲ್ ಒಂದೊಂದು ಮಾತು ಹೇಳಿದ್ದ. ನಾನು ಅಲ್ಲಿಂದ ಸರಿದು ಹೋದದ್ದು ಯಾರಿಗೂ ತಿಳಿಯಲಿಲ್ಲ.

ಸೋಮವಾರ ಓಡೆಲ್ ಪ್ರೂಯಿಟ್‌ನ ಲೇತ್ ಕಾರ್ಯಾಗಾರಕ್ಕೆ ಹೋದೆ. ಸ್ಯಾಗಿನಾ ನದಿಯ ಈಚೆ ಎಂಜಿನ್ ಕೊರೆಯುವುದು, ಮೇಲ್ಮೈ ಹೆರೆದು ಸವರುವುದು ಎಲ್ಲ ಅವನಲ್ಲಿಯೇ. ಲೈಲನೊಡನೆ ಶಾಲೆಯಲ್ಲಿ ಓದಿದವನು. ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಲೈಲ್ ಹಳೆಯ ಎಂಜಿನ್ನನ್ನು ಅವನ ಬಳಿಗೆ ತಂದಿದ್ದನೇ ಎಂದು ಕೇಳಿದೆ.

ಓಡೆಲ್ ಯಂತ್ರ ನಿಲ್ಲಿಸಿ ಕೈ ಒರೆಸಿಕೊಂಡ. ತಂದಿದ್ದ, ಹೋದ ಬೇಸಿಗೆಯೆಲ್ಲ ಇಲ್ಲಿಯೇ ಇತ್ತು ಎಂದ. ಅದರ ಸಿಲಿಂಡರಿನ ಒಳಗೋಡೆಗಳನ್ನು ಇನ್ನೊಮ್ಮೆ ಕೊರೆಯಬಹುದಿತ್ತು, ಅದು ತೊಂದರೆಯಲ್ಲ. ತೊಂದರೆ ಇದ್ದದ್ದು ಮುಚ್ಚಳ ಕೂರುವ ಮೇಲ್ಮೈಯಲ್ಲಿ. ಬಿಸಿಗೆ ಅದು ಬಾಗಿಹೋಗಿತ್ತು. ಅದನ್ನು ಸವರಿ ಮಟ್ಟ ಮಾಡದೆ ಮುಚ್ಚಿದರೆ ನೀರು ಎಣ್ಣೆಯೊಳಗೆ ಇಳಿದು ಎಂಜಿನ್ ಮತ್ತೆ ಕೆಡುತ್ತಿತ್ತು. ಆದರೆ ಕಾರ್ಖಾನೆಯವರು ಸಂಖ್ಯೆ ಹೊಡೆದಿರುವುದು ಅದೇ ಮೇಲ್ಮೈಯ ಮುಂದಿನ ತುದಿಯಲ್ಲಿ. ಸವರಿದರೆ ಸಂಖ್ಯೆ ಅಳಿಸಿಹೋಗುತ್ತದೆ.

"ಸೋಮವಾರ ಬಂದು ಸವರಿಬಿಡು ಅನ್ನೋನು. ಗುರುವಾರ ಫೋನ್ ಮಾಡಿ, ಮುಟ್ಟಬೇಡ ಕಣೋ, ನಂಬರ್ ಹೋದ್ರೆ ಉಳಿಯೋದೇನು ಅನ್ನೋನು. ಕೊನೆಗೆ ನಾನೇ, ಮಾರಾಯಾ ತಗೊಂಡು ಹೋಗು, ಇದನ್ನ ಎಡವಿ ಎಡವಿ ನನ್ನ ಕಾಲೆಲ್ಲ ಗಾಯ ಅಂದೆ."

"ಅದಕ್ಕೇ ಹೊಸದನ್ನ ತಂದ."

"ತಂದ. ಪೆಟ್ಟಿಗೆ ಬಿಚ್ಚಲಿಲ್ಲ. ಬಿಚ್ಚಿದ್ರೆ ಹಳೇದು ಸತ್ತ ಹಾಗೆ ಅಂದ."

ನಾನು ಕೇಳಲು ಬಂದ ಪ್ರಶ್ನೆಯನ್ನೇ ಕೇಳಿದೆ. ಅವನ ಮನಸ್ಸಿನಲ್ಲಿ ಏನಿತ್ತು? ನಿನಗೆ ಖಂಡಿತ ಗೊತ್ತಿರಬೇಕು.

ಓಡೆಲ್ ಕೈ ಒರೆಸಿದ ಬಟ್ಟೆಯನ್ನು ಬೆಂಚಿನ ಮೇಲೆ ಎಸೆದ. "ಅವನಿಗೇ ಗೊತ್ತಿರ್ಲಿಲ್ಲ ಯಜಮಾನ್ರೇ."

ಅಲ್ಲಿಂದ ನಾನು ಮನೆಗೆ ಹೋಗಲಿಲ್ಲ. ಕೊಲ್ಲಿಯ ದಂಡೆಯವರೆಗೆ ಹೋದೆ, ನನ್ನ ಕಾರಿನಿಂದ ಇಳಿಯದೆ ತಿರುಗಿಸಿದೆ. ಬೀಟ್‌ಗಡ್ಡೆಯ ಹೊಲಗಳ ನಡುವಿನ ನೇರ ರಸ್ತೆಗಳಲ್ಲಿ ಸುಮ್ಮನೆ ಸುತ್ತಿದೆ. ಕೊನೆಗೆ ನಮ್ಮ ಚರ್ಚಿನ ಹಿಂದಿನ ಸ್ಮಶಾನದಲ್ಲಿ ಲೈಲನ ಕಲ್ಲಿನ ಬಳಿ ಇಳಿದು ನಿಂತೆ. ಪಕ್ಕದಲ್ಲಿ ಅವನ ತಾಯಿ ಇದ್ದಾಳೆ. ಟೋಪಿ ತೆಗೆದು ಪ್ರಾರ್ಥಿಸಿದೆ. ಕರ್ತನೇ, ಅವನು ಈಗ ನಿನ್ನ ಬಳಿ ಇದ್ದಾನೆ, ನೀನು ಅವನನ್ನು ಕೇಳಬಹುದು; ಕೇಳಿ ನನಗೆ ತಿಳಿಸು ಎಂದೆ. ಹಾಗೆ ಪ್ರಾರ್ಥಿಸಬಾರದೆಂದು ನನಗೆ ಗೊತ್ತಿತ್ತು. ಸತ್ತವರನ್ನು ದೇವರ ಕೈಗೆ ಒಪ್ಪಿಸಿ ಕೊಡುತ್ತೇವೆ. ಕೊಟ್ಟ ಮೇಲೆ ಮತ್ತೆ ಕರೆದು ವಿಚಾರಿಸುವುದು ನಮ್ಮ ಹಕ್ಕಲ್ಲ. ಆದರೂ ಕಾದೆ. ಹುಲ್ಲಿಗೆ ನೀರು ಚಿಮ್ಮಿಸುವ ಕೊಳವೆ ಟಕಟಕ ಎಂದು ತಿರುಗುತ್ತಾ ನನ್ನ ಷೂಗಳನ್ನು ನೆನೆಸಿತು. ಬೇರೆ ಉತ್ತರ ಬರಲಿಲ್ಲ.

ಒದ್ದೆ ಷೂಗಳಲ್ಲಿಯೇ ಮರ್ಲಾಳ ಮನೆಗೆ ಹೋದೆ. ಅಡುಗೆಮನೆಯಲ್ಲಿ ಎತ್ತರಕ್ಕೆ ಪೇರಿಸಿದ ರಟ್ಟಿನ ಪೆಟ್ಟಿಗೆಗಳ ನಡುವೆ ಅವಳು ಬ್ರೆಡ್ಡಿಗೆ ಹ್ಯಾಮ್ ಇಟ್ಟು ಕೊಟ್ಟಳು. ನಡೆದದ್ದೆಲ್ಲ ಹೇಳಿದೆ. ಓಡೆಲನ ಮಾತಿಗೆ ಬಂದಾಗ ಅವಳು ನಕ್ಕಳು. ಫೆಬ್ರವರಿಯಿಂದ ಈಚೆಗೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

"ನನ್ನನ್ನ ಕೇಳಿದ್ರೆ ಮೊದಲನೇ ದಿನಾನೇ ಹೇಳ್ತಿದ್ದೆ ಮಾವ. ಊಟಕ್ಕೆ ಕೂತಾಗ ಹಳೇದು, ಏಳುವಾಗ ಹೊಸದು. ಅವರಿಗೆ ಆ ಚರ್ಚೆನೇ ಬೇಕಿತ್ತು. ಮುಗಿದುಹೋದ್ರೆ ಶನಿವಾರ ಏನು ಮಾತಾಡೋದು?"

ಹಾಗಾದರೆ ನಾನು ಏನು ಮಾಡಲಿ ಎಂದೆ. ನನ್ನ ಧ್ವನಿ ಗಟ್ಟಿಯಾಯಿತೆಂದು ಆಮೇಲೆ ತಿಳಿಯಿತು.

ಅವಳು ಬಟ್ಟಲೊಂದನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತುತ್ತಿದ್ದಳು. ಸುತ್ತಿ ಮುಗಿಸಿ ಕೆಳಗಿಟ್ಟಳು.

"ನಾನು ಅದನ್ನ ಒಂದ್ಸಲಾನೂ ಓಡಿಸಿಲ್ಲ, ಗೊತ್ತಾ? ಎಂಜಿನ್ ಒಂದು ಆಗ್ಲಿ ಮರ್ಲಾ, ಆಮೇಲೆ ನಿನಗೇ ಕೀಲಿ, ಅನ್ನೋರು. ಪ್ರತಿ ವಸಂತಕ್ಕೂ ಅದೇ ಮಾತು. ನಂಬರ್ ಗಿಂಬರ್ ನನಗೆ ಬೇಡ ಮಾವ. ಈ ಊರು ಬಿಡೋಕೆ ಮುಂಚೆ ನಾನು ಅದನ್ನ ಓಡಿಸ್ಬೇಕು. ಅಷ್ಟೇ."

ನಾನು ಬ್ರೆಡ್ಡನ್ನು ಕೈಯಲ್ಲಿ ಹಿಡಿದೇ ಗ್ಯಾರೇಜಿಗೆ ಹೋದೆ. ಹಾಸುಬಟ್ಟೆ ಸರಿಸಿ ಹಳೆಯ ಎಂಜಿನ್ನನ್ನು ನೋಡಿದೆ. ನಾನು ಮನಸ್ಸಿನಲ್ಲಿ ಇದನ್ನು ಆಗಲೇ ಆರಿಸಿಕೊಂಡು, ಅದಕ್ಕೆ ಲೈಲನ ಸಾಕ್ಷಿ ಹುಡುಕಿಕೊಂಡು ಊರೆಲ್ಲ ಅಲೆಯುತ್ತಿದ್ದೆ. ಇದನ್ನು ಬಿಚ್ಚಿ, ತೊಳೆದು, ಸವರಿಸಿ, ಕಟ್ಟುವುದಕ್ಕೆ ಹಿಮ ಬೀಳುವವರೆಗೆ ಬೇಕಾಗುತ್ತಿತ್ತು. ಅಷ್ಟು ದಿನ ನನ್ನ ಕೈಗೆ ಕೆಲಸವಿರುತ್ತಿತ್ತು, ಪಕ್ಕದಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ದೀಪ ಹಿಡಿದು ನಿಂತಿದ್ದಾನೆಂದು ನಂಬಬಹುದಿತ್ತು. ಮರ್ಲಾ ಅಷ್ಟರಲ್ಲಿ ಹೋಗಿಬಿಟ್ಟಿರುತ್ತಿದ್ದಳು. ಅವಳಿಗೆ ಕೊಟ್ಟ ಮಾತೊಂದು ಉಳಿದಿತ್ತು. ಅದನ್ನು ನನ್ನ ಮಗ ಕೊಟ್ಟಿದ್ದ. ಅದರಲ್ಲಿ ಹಳೆಯದು ಹೊಸದು ಎಂಬ ಮಾತೇ ಇರಲಿಲ್ಲ.

ಗೋಡೆಗೆ ತೂಗುಹಾಕಿದ್ದ ತಗಡಿನ ಕತ್ತರಿ ತೆಗೆದುಕೊಂಡು ಪೆಟ್ಟಿಗೆಯ ಉಕ್ಕಿನ ಪಟ್ಟಿಯನ್ನು ಕತ್ತರಿಸಿದೆ. ಅದು ಚಟ್ಟೆಂದು ಹಾರಿ ನನ್ನ ಮೊಣಕೈಗೆ ಬಡಿಯಿತು. ಮರ್ಲಾ ಓಡಿಬಂದು ಬಾಗಿಲಲ್ಲಿ ನಿಂತಳು. ಒಳಗೆ ಹೋಗಿ ಗಾಯಕ್ಕೆ ಪಟ್ಟಿ ತಂದಳು.

ಎಂಜಿನ್ ಕೂರಿಸುವ ಕೆಲಸಕ್ಕೆ ಲೈಲನ ಗೆಳೆಯರೆಲ್ಲರೂ ಬಂದರು. ಡ್ವೇನ್ ಕೂಡ ಬಂದ. ಇದು ಪಾಪದ ಕೆಲಸ, ಸಾಕ್ಷಿ ಹೇಳುವುದಕ್ಕೆ ಬಂದಿದ್ದೇನೆ ಎಂದು ಮೂರು ಬಾರಿ ಹೇಳಿ, ಆಮೇಲೆ ಎಲ್ಲರಿಗಿಂತ ಹೆಚ್ಚು ಹೊತ್ತು ಕಾರಿನ ಅಡಿಯಲ್ಲಿ ಮಲಗಿದ್ದ. ಹಳೆಯ ಎಂಜಿನ್ನಿಗೆ ಓಡೆಲ್ ಎಣ್ಣೆ ಬಳಿದು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ. ಅದನ್ನು ನನ್ನ ಗ್ಯಾರೇಜಿಗೆ ಒಯ್ದೆವು. ಸಂಖ್ಯೆ ಇದ್ದ ಮೇಲ್ಮೈಯನ್ನು ಸವರದೆ ಹಾಗೆಯೇ ಬಿಟ್ಟೆವು. ಹೊಸದನ್ನು ಇಳಿಸುವಾಗ ಸರಪಳಿ ಹಿಡಿದು ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಗಸ್ ಮೆಲ್ಲಗೆ ಸರಪಳಿಯನ್ನು ತಾನೇ ತೆಗೆದುಕೊಂಡ.

ಆಗಸ್ಟ್ ತಿಂಗಳ ಒಂದು ಸಂಜೆ ಎಲ್ಲ ಮುಗಿಯಿತು. ಮರ್ಲಾ ಚಾಲಕನ ಆಸನದಲ್ಲಿ ಕುಳಿತಳು. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಚಾಲೂ ಆಯಿತು. ಗಂಡಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಶಬ್ದ ಒಂದೇ ಸಮನಾಗಿ, ನಯವಾಗಿ, ಎಲ್ಲೂ ಮುಗ್ಗರಿಸದೆ ಬರುತ್ತಿತ್ತು. ಲೈಲ್ ಓಡಿಸುತ್ತಿದ್ದಾಗ, ಹಳೆಯ ಎಂಜಿನ್ನಿನಲ್ಲಿ, ಷೆವೆಲ್ ನಿಂತಲ್ಲೇ ಕುದುರೆಯ ಹಾಗೆ ಕುಲುಕಾಡುತ್ತಿತ್ತು. ಅವನು ಬೀದಿಯ ತುದಿಗೆ ಬಂದಾಗಲೇ ಆ ಸದ್ದಿನಿಂದ ನನಗೆ ಮನೆಯೊಳಗೆ ಗೊತ್ತಾಗುತ್ತಿತ್ತು. ಇನ್ನು ಹಾಗೆ ಗೊತ್ತಾಗುವುದಿಲ್ಲ ಎಂಬುದು ಫೆಬ್ರವರಿಯಲ್ಲಿ, ಮಣ್ಣು ಹಾಕುವಾಗ, ನನಗೆ ಇಷ್ಟು ತಿಳಿದಿರಲಿಲ್ಲ.

ಮರ್ಲಾ ಎರಡು ಕೈಗಳನ್ನೂ ಸ್ಟಿಯರಿಂಗ್ ಚಕ್ರದ ಮೇಲಿಟ್ಟು ಮುಂದೆ ನೋಡುತ್ತಿದ್ದಳು. ಅವಳ ಮುಖ ಒದ್ದೆಯಾಗಿತ್ತು.

"ಇದು ಅವರ ಸದ್ದಲ್ಲ ಮಾವ."

"ಅಲ್ಲ ಮಗಳೇ."

"ಚೆನ್ನಾಗಿದೆ."

"ಹೌದು."

ಅವಳು ಪಕ್ಕದ ಬಾಗಿಲನ್ನು ಒಳಗಿನಿಂದ ತಳ್ಳಿದಳು. ಗಸ್ ತಾನಾಗಿಯೇ ದಾರಿ ಬಿಟ್ಟು ನಿಂತ. ನಾನು ಸುತ್ತಿ ಹೋಗಿ ಹತ್ತಿದೆ. ಬೆಲ್ಟ್ ಸಿಗದೆ ತಡಕಾಡಿದೆ, ಅವಳೇ ಬಗ್ಗಿ ಹಾಕಿದಳು. ಬೀದಿಗೆ ಇಳಿಯುವಾಗ ಕಾರು ಮುಗ್ಗರಿಸಿತು. ಅದು ಎಂಜಿನ್ನಿನ ತಪ್ಪಲ್ಲ, ಅವಳ ಕಾಲಿನದು. ಕ್ಷಮಿಸಿ ಎಂದಳು. ಇನ್ನೊಮ್ಮೆ ಮಾಡು ಎಂದೆ. ಎರಡನೆಯ ಬಾರಿ ಗೇರ್ ಸರಿಯಾಗಿ ಬಿತ್ತು.

ಚರ್ಚಿನ ಮುಂದೆ ಬಲಕ್ಕೆ ತಿರುಗಿದ್ದರೆ ನನ್ನ ಮನೆ. ಅವಳು ತಿರುಗಲಿಲ್ಲ. ಊರು ಮುಗಿಯಿತು. ಬೀಟ್‌ ಹೊಲಗಳ ನಡುವೆ ರಸ್ತೆ ಉತ್ತರಕ್ಕೆ, ಸೇತುವೆಯ ಕಡೆಗೆ, ನೇರವಾಗಿ ಬಿದ್ದಿತ್ತು. ಅವಳು ಕಾಲನ್ನು ಒತ್ತಿದಾಗ ನನ್ನ ಬೆನ್ನು ಆಸನಕ್ಕೆ ಅಂಟಿತು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.